ಹಚ್ಚುವ ಮೊದಲು ತೋರಿಸಿ

ನಿಮ್ಮ ಮನೆಯ ಕನ್ನಡಿಯ ಹಿಂದೆ ಅಥವಾ ಫ್ರಿಜ್ಜಿನ ಬಾಗಿಲಲ್ಲಿ ಅರ್ಧ ಹಿಂಡಿದ ಮುಲಾಮಿನ ಟ್ಯೂಬ್ ಒಂದು ಇದೆಯೇ? ಒಮ್ಮೆ ಎದ್ದು ನೋಡಿ. ಯಾರದೋ ತುರಿಕೆಗೆಂದು ಯಾವಾಗಲೋ ಮೆಡಿಕಲ್ ಶಾಪಿನಲ್ಲಿ ಕೇಳಿ ತಂದದ್ದು. ಹಚ್ಚಿದ ಎರಡೇ ದಿನಕ್ಕೆ ತುರಿಕೆ ನಿಂತಿತು. ಅಂದಿನಿಂದ ಅದು ಮನೆಮಂದಿಗೆಲ್ಲ ಮದ್ದು. ಅಬ್ಬಾನ ತೊಡೆಸಂದಿನ ದಾದ್‌ಗೆ ಅದೇ, ಮಗಳ ಮುಖದ ಕಲೆಗೆ ಅದೇ, ಹಸುಗೂಸಿನ ಕುಂಡಿ ಕೆಂಪಾದರೂ ಅದೇ.

ಟ್ಯೂಬಿನ ಮೇಲಿನ ಸಣ್ಣ ಅಕ್ಷರಗಳನ್ನು ಓದಿ. ಕ್ಲೋಬೆಟಸಾಲ್, ಬೆಟಮೆಥಸೋನ್, ಬೆಕ್ಲೊಮೆಥಸೋನ್, ಮೊಮೆಟಸೋನ್ ಇವುಗಳಲ್ಲಿ ಯಾವುದಾದರೂ ಹೆಸರು ಕಂಡರೆ ಅದು ಸ್ಟಿರಾಯ್ಡ್ ಇರುವ ಮುಲಾಮು. ಸ್ಟಿರಾಯ್ಡ್ ಕೆಟ್ಟದ್ದಲ್ಲ. ಸರಿಯಾದ ರೋಗಕ್ಕೆ ವೈದ್ಯರು ಹೇಳಿದಷ್ಟು ದಿನ ಹಚ್ಚಿದರೆ ಒಳ್ಳೆಯ ಔಷಧ. ಆದರೆ ತುರಿಕೆ ಒಂದೇ ಬಗೆಯದಾದರೂ ರೋಗ ಒಂದೇ ಅಲ್ಲ. ಯಾವ ರೋಗವೆಂದು ತಿಳಿಯುವ ಮೊದಲೇ ಮುಲಾಮು ಹಚ್ಚಿದರೆ ರೋಗ ವಾಸಿಯಾಗುವುದಿಲ್ಲ, ವೈದ್ಯರಿಗೂ ಕಾಣದಂತೆ ಮರೆಯಾಗುತ್ತದೆ, ಅಷ್ಟೇ.

ಚರ್ಮದ ತೊಂದರೆಯನ್ನು ನಾವು ಒಂದೋ ಸಣ್ಣದೆಂದು ತಳ್ಳಿಹಾಕುತ್ತೇವೆ, ಇಲ್ಲವೇ ನಾಚಿಕೆಯಿಂದ ಮುಚ್ಚಿಡುತ್ತೇವೆ. ಪ್ರವಾದಿ(ಸ)ರು ಹಾಗೆ ನೋಡಲಿಲ್ಲ. ಗಂಡಸರಿಗೆ ರೇಷ್ಮೆ ನಿಷಿದ್ಧ. ಆದರೂ ಅಬ್ದುರ್ರಹ್ಮಾನ್ ಬಿನ್ ಔಫ್ ಮತ್ತು ಝುಬೈರ್ ಬಿನ್ ಅವ್ವಾಮ್(ರ) ಅವರಿಗೆ ಮೈ ತುರಿಕೆಯ ಕಾರಣಕ್ಕೆ ರೇಷ್ಮೆ ಅಂಗಿ ತೊಡಲು ಅವರು ಅನುಮತಿ ಕೊಟ್ಟಿದ್ದನ್ನು ಬುಖಾರಿ ಮತ್ತು ಮುಸ್ಲಿಮ್ ಎರಡೂ ಗ್ರಂಥಗಳು ದಾಖಲಿಸಿವೆ. ತುರಿಕೆಯ ಸಂಕಟಕ್ಕಾಗಿ ಒಂದು ನಿಯಮವನ್ನೇ ಸಡಿಲಿಸಲಾಯಿತು ಎಂದಮೇಲೆ, ಅದನ್ನು ವೈದ್ಯರಿಗೆ ತೋರಿಸಲು ನಾವು ಹಿಂಜರಿಯಬೇಕಿಲ್ಲ.

ದಾದ್: ಉಂಗುರ ಮಾಯವಾದರೂ ರೋಗ ಹೋಗಿರುವುದಿಲ್ಲ

ದಾದ್, ಹುಳುಕಡ್ಡಿ, ಗಜಕರ್ಣ ಎಲ್ಲವೂ ಒಂದೇ. ಹೆಸರಿನಲ್ಲಿ ಹುಳುವಿದ್ದರೂ ಇದು ಶಿಲೀಂಧ್ರದಿಂದ, ಅಂದರೆ ಬೂಷ್ಟಿನ ಜಾತಿಯ ಜೀವಿಯಿಂದ ಬರುತ್ತದೆ. ಅಂಚು ಕೆಂಪಗೆ ಉಬ್ಬಿ ನಡುವೆ ತಿಳಿಯಾಗಿರುವ ಉಂಗುರ ಇದರ ಗುರುತು. ಬೆಂಗಳೂರಿನಲ್ಲಿ ಮಳೆ ಶುರುವಾದ ಮೇಲೆ ಆರ್.ಟಿ. ನಗರ, ಹೆಬ್ಬಾಳದ ಒತ್ತೊತ್ತಾದ ಮನೆಗಳಲ್ಲಿ ಬಟ್ಟೆ ಒಳಗೇ ಒಣಗಬೇಕು. ಅರೆ ಒದ್ದೆ ಒಳಉಡುಪು, ಬಿಗಿಯಾದ ಜೀನ್ಸ್, ಬೆವರು ಹೀರದ ಪಾಲಿಯೆಸ್ಟರ್ ಇವು ಶಿಲೀಂಧ್ರಕ್ಕೆ ಹೇಳಿ ಮಾಡಿಸಿದ ಜಾಗ.

ಇದಕ್ಕೆ ಸ್ಟಿರಾಯ್ಡ್ ಬೆರೆತ ಮುಲಾಮು ಹಚ್ಚಿದರೆ ಕೆಂಪು, ಉರಿ, ತುರಿಕೆ ಇಳಿಯುತ್ತವೆ. ಆದರೆ ಚರ್ಮದ ಪ್ರತಿರೋಧವೂ ಇಳಿಯುತ್ತದೆ. ಶಿಲೀಂಧ್ರ ಒಳಗೊಳಗೇ ಹರಡುತ್ತದೆ. ಮುಲಾಮು ನಿಲ್ಲಿಸಿದ ಕೂಡಲೇ ಮೊದಲಿಗಿಂತ ಅಗಲವಾಗಿ ಏಳುತ್ತದೆ. ಆಗ ಉಂಗುರದ ಆಕಾರವೂ ಇರುವುದಿಲ್ಲ. ತಿಂಗಳುಗಟ್ಟಲೆ ಹಚ್ಚಿದವರ ತೊಡೆಸಂದಿಯಲ್ಲಿ ಚರ್ಮ ತೆಳುವಾಗಿ, ಹೆರಿಗೆಯ ನಂತರ ಹೊಟ್ಟೆಯ ಮೇಲೆ ಮೂಡುವಂಥ ಗೆರೆಗಳು ಬೀಳುತ್ತವೆ. ಆ ಗೆರೆಗಳು ಮತ್ತೆ ಪೂರ್ತಿ ಮಾಸುವುದಿಲ್ಲ. ಬೆಳ್ಳಗಾಗಲೆಂದು ಮುಖಕ್ಕೆ ಹಚ್ಚಿಕೊಂಡ ಹೆಣ್ಣುಮಕ್ಕಳಿಗೆ ಮೊಡವೆ, ಸದಾ ಕೆಂಪು, ಬೇಡದ ರೋಮ ಬರುತ್ತವೆ. ಇಂಥ ಮುಲಾಮುಗಳ ಹಾವಳಿ ನೋಡಿಯೇ ಕೇಂದ್ರ ಸರ್ಕಾರ 2018ರಲ್ಲಿ 14 ಬಗೆಯ ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ಆದೇಶಿಸಿತು. ಚೀಟಿ ಕೇಳದ ಅಂಗಡಿಯಿದ್ದರೆ ನೀವೇ ಎಚ್ಚರ ವಹಿಸಬೇಕು.

ಇನ್ನೊಂದು ಚಿಂತೆಯೂ ಇದೆ. ಸಾಮಾನ್ಯ ಔಷಧವಾದ ಟರ್ಬಿನಫಿನ್‌ಗೆ ಬಗ್ಗದ ಒಂದು ಶಿಲೀಂಧ್ರ ನಮ್ಮ ದೇಶದಲ್ಲಿ ಹರಡಿದೆ. 2020ರಲ್ಲಿ ಅದಕ್ಕೆ ಟ್ರೈಕೋಫೈಟಾನ್ ಇಂಡೋಟಿನಿಯೇ ಎಂದು ಹೆಸರಿಟ್ಟರು. ಹೆಸರಿನಲ್ಲೇ ಇಂಡಿಯಾ ಇದೆ. ಹಾಗಾಗಿ ಕಳೆದ ಬಾರಿ ನೆರೆಮನೆಯವರಿಗೆ ಕೆಲಸ ಮಾಡಿದ ಮಾತ್ರೆ ಈ ಬಾರಿ ನಿಮಗೆ ಕೆಲಸ ಮಾಡದಿರಬಹುದು.

ದಾದ್ ಹೌದೋ ಅಲ್ಲವೋ ತಿಳಿಯಲು ಕೆಓಎಚ್ ಪರೀಕ್ಷೆ ಇದೆ. ಕಲೆಯ ಅಂಚಿನ ಹೊಟ್ಟನ್ನು ಬ್ಲೇಡಿನ ಮೊಂಡು ಬದಿಯಿಂದ ಮೆಲ್ಲನೆ ಕೆರೆದು ಗಾಜಿನ ಮೇಲೆ ಹಾಕುತ್ತಾರೆ. ಪೊಟ್ಯಾಷಿಯಂ ಹೈಡ್ರಾಕ್ಸೈಡ್‌ನ ಒಂದು ಹನಿ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಶಿಲೀಂಧ್ರವಿದ್ದರೆ ಎಳೆ ಎಳೆಯಾಗಿ ಕಾಣುತ್ತದೆ. ರಕ್ತ ತೆಗೆಯುವುದಿಲ್ಲ, ಚುಚ್ಚುವುದಿಲ್ಲ, ಬಹುಪಾಲು ಅದೇ ದಿನ ಫಲಿತಾಂಶ. ಆ ದಿನ ಎಣ್ಣೆ, ಪೌಡರ್, ಮುಲಾಮು ಏನನ್ನೂ ಹಚ್ಚದೆ ಹೋಗಿ. ಹಿಂದೆ ಏನು ಹಚ್ಚಿದ್ದಿರೋ ಆ ಟ್ಯೂಬನ್ನೇ ಜೊತೆಗೆ ಒಯ್ಯಿರಿ. ಬೈಯುತ್ತಾರೆಂದು ಮುಚ್ಚಿಡಬೇಡಿ.

ಮನೆಯಲ್ಲಿ ಆರೈಕೆ ಹೀಗಿರಲಿ. ಔಷಧವನ್ನು ಕಲೆಯ ಅಂಚಿನಿಂದ ಒಂದು ಬೆರಳಗಲ ಆಚೆಗೂ ಹಚ್ಚಿ. ಕಲೆ ಕಾಣದಾದ ಮೇಲೂ ವೈದ್ಯರು ಹೇಳಿದ ದಿನದವರೆಗೆ ಬಿಡಬೇಡಿ. ಒಬ್ಬೊಬ್ಬರಿಗೂ ಬೇರೆ ಟವೆಲ್ ಇರಲಿ. ಒಳಉಡುಪನ್ನು ಬಿಸಿಲಿಗೆ ಹಾಕಿ, ಬಿಸಿಲಿಲ್ಲದಿದ್ದರೆ ಇಸ್ತ್ರಿ ಮಾಡಿ. ಬುರ್ಖಾದ ಒಳಗೆ ಹತ್ತಿ ಬಟ್ಟೆ ಧರಿಸಿ. ಮನೆಯಲ್ಲಿ ಮತ್ತೊಬ್ಬರಿಗೂ ಇದ್ದರೆ ಇಬ್ಬರಿಗೂ ಒಟ್ಟಿಗೆ ಚಿಕಿತ್ಸೆಯಾಗಲಿ, ಇಲ್ಲದಿದ್ದರೆ ದಾದ್ ಇವರಿಂದ ಅವರಿಗೆ, ಅವರಿಂದ ಇವರಿಗೆ ಓಡಾಡುತ್ತಲೇ ಇರುತ್ತದೆ.

ವುಝೂ ಮಾಡುವಾಗ ಕಾಲ್ಬೆರಳ ಸಂದಿಗೆ ನೀರು ತಲುಪಿಸುತ್ತೀರಿ. ಅದೇ ಕಾಳಜಿಯಿಂದ ಆ ಸಂದಿಯನ್ನು ಒರೆಸಿ ಒಣಗಿಸಿ. ಒದ್ದೆ ಕಾಲಿಗೇ ಸಾಕ್ಸ್ ಹಾಕಿ ಶೂ ಏರಿಸಿದರೆ ಬೆರಳ ಸಂದಿ ಬಿಳುಚಿ, ಒಡೆದು, ನವೆಯಾಗುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಆ ಬಿರುಕಿನಿಂದಲೇ ಕೀವು ಕಾಲಿಗೆ ಏರಬಹುದು. ಮಸೀದಿಯ ವುಝೂ ಜಾಗದಲ್ಲಿ ತೂಗುಹಾಕಿರುವ ಒಂದೇ ಟವೆಲಿನ ಬದಲು ನಿಮ್ಮದೇ ಕರವಸ್ತ್ರ ಬಳಸಿ.

ಕಜ್ಜಿ: ಒಬ್ಬರಿಗಲ್ಲ, ಇಡೀ ಮನೆಗೆ ಮದ್ದು

ರಾತ್ರಿ ಮಲಗಿದ ಮೇಲೆ ತುರಿಕೆ ಹೆಚ್ಚುತ್ತದೆಯೇ? ಬೆರಳ ಸಂದಿ, ಮಣಿಕಟ್ಟು, ಕಂಕುಳು, ಹೊಕ್ಕಳ ಸುತ್ತ, ಗುಪ್ತಾಂಗಗಳಲ್ಲಿ ಸಣ್ಣ ಗುಳ್ಳೆಗಳಿವೆಯೇ? ಮನೆಯಲ್ಲಿ ಮತ್ತೊಬ್ಬರೂ ಕೆರೆಯುತ್ತಿದ್ದಾರೆಯೇ? ಹಾಗಾದರೆ ಅದು ಕಜ್ಜಿ ಇರಬಹುದು. ಕಣ್ಣಿಗೆ ಕಾಣದಷ್ಟು ಚಿಕ್ಕ ಹುಳು ಚರ್ಮದೊಳಗೆ ಬಿಲ ಕೊರೆದು ಮೊಟ್ಟೆ ಇಡುತ್ತದೆ. ಮೊದಲ ಸಲ ತಗಲಿದವರಿಗೆ ತುರಿಕೆ ಶುರುವಾಗಲು 2ರಿಂದ 6 ವಾರ ಬೇಕು. ಅಷ್ಟರಲ್ಲಿ ಅವರು ಇತರರಿಗೂ ಅಂಟಿಸಿರುತ್ತಾರೆ. ಒಂದೇ ಹಾಸಿಗೆ ಹಂಚಿಕೊಳ್ಳುವ ಮಕ್ಕಳಲ್ಲಿ, ಹಾಸ್ಟೆಲಿನಲ್ಲಿ, ವಸತಿ ಮದ್ರಸದಲ್ಲಿ ಇದು ಬೇಗ ಹರಡುವುದು ಇದರಿಂದಲೇ. ಇದು ಕೊಳಕಿನ ಗುರುತಲ್ಲ, ದಿನಕ್ಕೆ ಐದು ಸಲ ವುಝೂ ಮಾಡುವವರಿಗೂ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಇದನ್ನು ಜಗತ್ತು ಕಡೆಗಣಿಸಿದ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿತು.

ವೈದ್ಯರು ಸಾಮಾನ್ಯವಾಗಿ ಶೇ. 5ರ ಪರ್ಮೆಥ್ರಿನ್ ಮುಲಾಮು ಬರೆದುಕೊಡುತ್ತಾರೆ. ಗುಳ್ಳೆ ಇದ್ದಲ್ಲಿ ಮಾತ್ರ ಹಚ್ಚಿದರೆ ಸಾಲದು. ಕತ್ತಿನಿಂದ ಅಂಗಾಲಿನವರೆಗೆ, ಉಗುರಿನ ಅಡಿ, ಬೆರಳ ಸಂದಿ, ಹೊಕ್ಕಳು ಏನನ್ನೂ ಬಿಡದೆ ಹಚ್ಚಿ 8ರಿಂದ 14 ಗಂಟೆ ಬಿಟ್ಟು ತೊಳೆಯಬೇಕು. ಒಂದು ವಾರದ ನಂತರ ಇನ್ನೊಮ್ಮೆ. ಇಶಾ ನಮಾಝಿನ ನಂತರ ಹಚ್ಚಿಕೊಂಡರೆ ಅನುಕೂಲ. ಫಜ್ರ್ ವುಝೂ ಮಾಡುವಾಗ ಕೈಕಾಲಿನ ಮದ್ದು ತೊಳೆದುಹೋಗುತ್ತದೆ. ಹೇಳಿದ ಅವಧಿ ಅಷ್ಟರಲ್ಲಿ ಮುಗಿದಿರದಿದ್ದರೆ ನಮಾಝ್ ಮುಗಿಸಿ ಕೈಕಾಲಿಗೆ ಮತ್ತೆ ಹಚ್ಚಿ. ಹಸುಗೂಸು, ಬಸುರಿ, ಬಾಣಂತಿ ಇದ್ದರೆ ವೈದ್ಯರಿಗೆ ಮೊದಲೇ ಹೇಳಿ.

ಮುಖ್ಯವಾದ ಮಾತು: ಮನೆಯಲ್ಲಿರುವ ಎಲ್ಲರೂ, ತುರಿಕೆ ಇಲ್ಲದ ದಾದಿ ಕೂಡ, ಒಂದೇ ರಾತ್ರಿ ಹಚ್ಚಿಕೊಳ್ಳಬೇಕು. ಹಿಂದಿನ ಮೂರು ದಿನ ಬಳಸಿದ ಬಟ್ಟೆ, ಹೊದಿಕೆಗಳನ್ನು ಮರುದಿನ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಒಗೆಯಲಾಗದ ರಜಾಯಿ, ಸ್ವೆಟರ್‌ಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಒಂದು ವಾರ ಕಟ್ಟಿಡಿ, ಮೈ ಸಿಗದಿದ್ದರೆ ಹುಳು ಬದುಕುವುದಿಲ್ಲ. ಹುಳು ಸತ್ತ ಮೇಲೂ ಎರಡು ಮೂರು ವಾರ ತುರಿಕೆ ಉಳಿಯಬಹುದು. ಮದ್ದು ಕೆಲಸ ಮಾಡಲಿಲ್ಲವೆಂದು ದಿನಾ ಹಚ್ಚಬೇಡಿ, ಚರ್ಮ ಸುಟ್ಟಂತಾಗುತ್ತದೆ.

ಮಗುವಿನ ಒಣ ತುರಿಕೆ

ಡಿಸೆಂಬರ್, ಜನವರಿಯ ಒಣ ಚಳಿಯಲ್ಲಿ ಯಲಹಂಕದ ಕಡೆ ಬೆಳಗಿನ ಗಾಳಿಗೆ ದೊಡ್ಡವರ ಚರ್ಮವೇ ಬಿರಿಯುತ್ತದೆ. ಎಸ್ಜಿಮಾ ಇರುವ ಮಗುವಿನ ಪಾಡು ಹೇಳತೀರದು. ಕೆನ್ನೆ, ಮೊಣಕೈ ಮಡಿಕೆ, ಮೊಣಕಾಲಿನ ಹಿಂಭಾಗ ಕೆಂಪಾಗಿ, ಕೆರೆದು ಕೆರೆದು ನೀರು ಒಸರುತ್ತದೆ. ಇದು ಅಂಟುವ ರೋಗವಲ್ಲ.

ಇಲ್ಲಿ ಔಷಧಕ್ಕಿಂತ ಆರೈಕೆಯದೇ ಹೆಚ್ಚಿನ ಪಾಲು. ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷದೊಳಗೆ ಸ್ನಾನ ಮುಗಿಸಿ. ಕಡಲೆಹಿಟ್ಟು ಹಾಕಿ ಉಜ್ಜಬೇಡಿ. ಟವೆಲಿನಿಂದ ಒತ್ತಿ ಒರೆಸಿ, ಮೈ ಇನ್ನೂ ತೇವವಿರುವಾಗಲೇ ವೈದ್ಯರು ಹೇಳಿದ ಮಾಯಿಶ್ಚರೈಸರ್ ಧಾರಾಳವಾಗಿ ಹಚ್ಚಿ. ದಿನಕ್ಕೆ ಎರಡು ಮೂರು ಸಲ ಹಚ್ಚಿದರೂ ಹೆಚ್ಚಲ್ಲ. ಸಾಸಿವೆ ಎಣ್ಣೆ ಬೇಡ. ಅತ್ತರನ್ನು ಮಗುವಿನ ಮೈಗೆ ಸವರಬೇಡಿ. ಉಗುರು ಚಿಕ್ಕದಾಗಿರಲಿ. ಹಳದಿ ಹಕ್ಕಳೆ, ಕೀವು, ಜ್ವರ ಕಂಡರೆ ಅದೇ ದಿನ ತೋರಿಸಿ.

ಈ ರೋಗಕ್ಕೆ ವೈದ್ಯರು ಸ್ಟಿರಾಯ್ಡ್ ಬರೆದರೆ ಹೆದರಿ ಬಿಡಬೇಡಿ. ಅಳತೆ ಕೇಳಿಕೊಳ್ಳಿ. ದೊಡ್ಡವರ ತೋರುಬೆರಳಿನ ತುದಿಯ ಗೆಣ್ಣಿನಷ್ಟು ಉದ್ದ ಹಿಂಡಿದ ಮುಲಾಮು ದೊಡ್ಡವರ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ಯಾವ ಜಾಗಕ್ಕೆ, ಎಷ್ಟು ದಿನ, ಹೇಗೆ ನಿಲ್ಲಿಸಬೇಕು ಎಂದು ಬರೆಸಿಕೊಳ್ಳಿ. ಆ ಟ್ಯೂಬ್ ಆ ಮಗುವಿಗೆ ಮಾತ್ರ.

ಯಾವುದು ಒಗ್ಗುವುದಿಲ್ಲ? ಬೆನ್ನು ಹೇಳುತ್ತದೆ

ಈದ್‌ಗೆ, ಮದುವೆಗೆ ಕೋನ್ ಮೆಹಂದಿ ಇಲ್ಲದೆ ಆಗುವುದಿಲ್ಲ. ನಿಜವಾದ ಮೆಹಂದಿಯ ಬಣ್ಣ ಕಿತ್ತಳೆಯಿಂದ ಕಂದುಗೆಂಪಿನವರೆಗೆ, ಏರಲು ಗಂಟೆಗಟ್ಟಲೆ ಬೇಕು. ಅರ್ಧ ಗಂಟೆಯಲ್ಲಿ ಕಪ್ಪಾಗುವ ಕೋನ್ ಇದ್ದರೆ ಅದರಲ್ಲಿ ತಲೆಗೂದಲಿನ ಡೈಗೆ ಹಾಕುವ ಪಿಪಿಡಿ ರಾಸಾಯನಿಕ ಇರಬಹುದು. ಕೆಲವರಿಗೆ ಕೆಲ ದಿನಗಳ ನಂತರ ಚಿತ್ತಾರದ ಗೆರೆಗಳ ಮೇಲೆಯೇ ನೀರುಗುಳ್ಳೆ ಏಳುತ್ತದೆ. ಅಂಥವರು ಮುಂದೆ ಎಂದಾದರೂ ತಲೆಗೆ ಡೈ ಹಚ್ಚಿದರೆ ಮುಖವೇ ಊದಿಕೊಳ್ಳಬಹುದು. ಪುಟ್ಟ ಮಕ್ಕಳ ಕೈಗಂತೂ ಕಪ್ಪು ಮೆಹಂದಿ ಬೇಡವೇ ಬೇಡ.

ಬೇರೆ ಕಾರಣಗಳೂ ನಮ್ಮ ಸುತ್ತಲೇ ಇವೆ. ಸ್ಕಾರ್ಫಿನ ಪಿನ್ನು, ಅಗ್ಗದ ಓಲೆಯಲ್ಲಿನ ನಿಕ್ಕಲ್. ಮೇಸ್ತ್ರಿಗಳ ಕೈ ಒಡೆಸುವ ಸಿಮೆಂಟಿನ ಕ್ರೋಮಿಯಂ. ಬಿರಿಯಾನಿಗೆ ದಿನವಿಡೀ ಬೆಳ್ಳುಳ್ಳಿ ಸುಲಿಯುವವರ ಬೆರಳ ತುದಿ. ಖಾಲಿ ಸೈಟುಗಳಲ್ಲಿ ಬಿಳಿ ಹೂ ಬಿಟ್ಟು ನಿಲ್ಲುವ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ. ಇದನ್ನು ಮುಟ್ಟಬೇಕೆಂದೂ ಇಲ್ಲ. ಗಾಳಿಯಲ್ಲಿ ತೇಲಿಬರುವ ಅದರ ಪುಡಿಗೆ ಕೆಲವರ ರೆಪ್ಪೆ, ಕತ್ತು, ಮೊಣಕೈ ಮಡಿಕೆ ದಪ್ಪಗಾಗಿ ತುರಿಸುತ್ತವೆ. ಈ ಗಿಡವನ್ನು ತಿನ್ನಲೆಂದೇ ಮೆಕ್ಸಿಕೋದಿಂದ ತರಿಸಿದ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಗಿಡ ಮಾತ್ರ ಇನ್ನೂ ಇದೆ. ಬರಿಗೈಯಲ್ಲಿ ಕೀಳಬೇಡಿ.

ಕಾರಣ ಹಿಡಿಯಲು ಪ್ಯಾಚ್ ಟೆಸ್ಟ್ ಮಾಡುತ್ತಾರೆ. ಸಂಶಯದ ವಸ್ತುಗಳನ್ನು ಚಿಕ್ಕ ಚಿಕ್ಕ ಬಟ್ಟಲಲ್ಲಿ ಹಾಕಿ ಬೆನ್ನಿಗೆ ಅಂಟಿಸುತ್ತಾರೆ. 48 ಗಂಟೆಗೆ ತೆಗೆದು ನೋಡುತ್ತಾರೆ, ಒಂದೆರಡು ದಿನ ಬಿಟ್ಟು ಮತ್ತೊಮ್ಮೆ ನೋಡುತ್ತಾರೆ. ಎರಡನೆಯ ಭೇಟಿ ತಪ್ಪಿಸಿದರೆ ಪರೀಕ್ಷೆ ಅರ್ಧವಾದಂತೆ. ಆ ದಿನಗಳಲ್ಲಿ ಬೆನ್ನು ಒದ್ದೆಯಾಗಬಾರದು, ಬೆವರಬಾರದು, ಶಾಯಿಯ ಗುರುತು ಅಳಿಯಬಾರದು. ವುಝೂಗೆ ಬೆನ್ನು ತೊಳೆಯಬೇಕಿಲ್ಲವಾದ್ದರಿಂದ ನಮಾಝಿಗೆ ಅಡ್ಡಿಯಿಲ್ಲ. ರುಕೂ, ಸುಜೂದ್‌ಗಳನ್ನು ನಿಧಾನವಾಗಿ ಮಾಡಿ. ಕಡ್ಡಾಯ ಸ್ನಾನದ ಸಂದರ್ಭ ಬರದಂತೆ ದಿನ ಆರಿಸಿಕೊಳ್ಳಿ. ಹೆಣ್ಣುಮಕ್ಕಳು ತಿಂಗಳ ಲೆಕ್ಕ ನೋಡಿ ದಿನ ಕೇಳಿದರೆ ಸುಲಭ.

ಪ್ರಿಕ್ ಟೆಸ್ಟ್ ಬೇರೆ. ಮುಂಗೈ ಮೇಲೆ ಹನಿ ಹಾಕಿ ಮೊನೆಯಿಂದ ಲಘುವಾಗಿ ಚುಚ್ಚಿ 15ರಿಂದ 20 ನಿಮಿಷದಲ್ಲಿ ಉಬ್ಬು ನೋಡುತ್ತಾರೆ. ಇದು ಧೂಳು, ಪರಾಗ, ಆಹಾರದ ಅಲರ್ಜಿಗೆ. ತುರಿಕೆಯ ಮಾತ್ರೆ ನುಂಗಿದ್ದರೆ ಉಬ್ಬು ಏಳುವುದಿಲ್ಲ. ಎಷ್ಟು ದಿನ ಮೊದಲು ನಿಲ್ಲಿಸಬೇಕೆಂದು ಕೇಳಿಕೊಳ್ಳಿ. ಉಸಿರಾಟದ ತೊಂದರೆ ಬಂದರೆ ನೋಡಿಕೊಳ್ಳುವ ವ್ಯವಸ್ಥೆ ಇರುವಲ್ಲಿ ಮಾತ್ರ ಇದನ್ನು ಮಾಡಿಸಿ. ಕ್ಷಯಕ್ಕಾಗಿ ಮಾಡುವ ಮಾಂಟೂ ಪರೀಕ್ಷೆಯಲ್ಲಿ 48ರಿಂದ 72 ಗಂಟೆಯೊಳಗೆ ಹೋಗಿ ಕೈ ತೋರಿಸಬೇಕು. ಅಲ್ಲಿಯವರೆಗೆ ಆ ಜಾಗ ಕೆರೆಯಬೇಡಿ, ಅಲ್ಲಿ ಮೆಹಂದಿ ಹಾಕಬೇಡಿ. ಇನ್ನು ಬಯಾಪ್ಸಿ ಎಂದಕೂಡಲೇ ಕ್ಯಾನ್ಸರ್ ಎಂದು ಬೆಚ್ಚಬೇಡಿ. ಮರಗಟ್ಟಿಸುವ ಸೂಜಿ ಕೊಟ್ಟು ಕೆಲವೇ ಮಿಲಿಮೀಟರ್ ಚರ್ಮ ತೆಗೆಯುತ್ತಾರೆ, ಒಂದೆರಡು ಹೊಲಿಗೆ. ರಕ್ತ ತೆಳುವಾಗುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ತಿಳಿಸಿ.

ಮುಚ್ಚಿಟ್ಟ ಕಲೆ

ಮಗುವಿನ ಕೆನ್ನೆಯಲ್ಲಿ ಮಸುಕು ಬಿಳಿ ಮಚ್ಚೆ ಕಂಡರೆ ಹೊಟ್ಟೆಹುಳು, ಕ್ಯಾಲ್ಸಿಯಂ ಕೊರತೆ ಎನ್ನುತ್ತಾರೆ. ಬಹುಪಾಲು ಅದು ಒಣಚರ್ಮದ ಒಂದು ರೂಪ, ತಾನೇ ಹೋಗುತ್ತದೆ. ಹಾಲಿನಂತೆ ಅಚ್ಚ ಬಿಳಿ ಇದ್ದರೆ ತೊನ್ನು ಇರಬಹುದು. ಅದು ಅಂಟುವುದಿಲ್ಲ, ಕುಷ್ಠವಲ್ಲ, ಚಿಕಿತ್ಸೆಯಿದೆ. ಕತ್ತಲೆ ಕೋಣೆಯಲ್ಲಿ ವುಡ್ಸ್ ಲ್ಯಾಂಪ್ ಎಂಬ ನೇರಳಾತೀತ ದೀಪ ಹಿಡಿದರೆ ತೊನ್ನಿನ ಕಲೆ ಹೊಳೆದು ಕಾಣುತ್ತದೆ. ಅದಕ್ಕೆ ನೋವಿಲ್ಲ, ಚುಚ್ಚುವುದೂ ಇಲ್ಲ.

ಆದರೆ ಬಿಳುಚಿದ ಅಥವಾ ಕೆಂಪಾದ ಕಲೆಯಲ್ಲಿ ಸ್ಪರ್ಶವೇ ಇಲ್ಲದಿದ್ದರೆ ಒಂದು ದಿನವೂ ಕಾಯಬೇಡಿ. ಕಣ್ಣು ಮುಚ್ಚಿಸಿ ಹತ್ತಿಯ ಎಳೆ ತಾಗಿಸಿ ನೋಡಿ. ಗೊತ್ತಾಗಲಿಲ್ಲವೆಂದರೆ ಕುಷ್ಠದ ಪರೀಕ್ಷೆ ಆಗಬೇಕು. ಕಿವಿಯ ಹಾಲೆಯಂಥ ಕಡೆ ಸಣ್ಣದಾಗಿ ಗೀರಿ ಸ್ಮಿಯರ್ ತೆಗೆಯುತ್ತಾರೆ. ಔಷಧ ಸರ್ಕಾರಿ ಆಸ್ಪತ್ರೆಗಳಲ್ಲಿ ಪೂರ್ತಿ ಉಚಿತ. ರೋಗದ ಬಗೆ ನೋಡಿ 6 ಅಥವಾ 12 ತಿಂಗಳು. ಔಷಧ ಶುರುವಾದ ಕೆಲವೇ ದಿನಗಳಲ್ಲಿ ಇತರರಿಗೆ ಹರಡುವುದು ನಿಲ್ಲುತ್ತದೆ. ತಡಮಾಡಿದರೆ ನರ ಸಾಯುತ್ತದೆ, ಬೆರಳು ಮಡಚಿಕೊಳ್ಳುತ್ತವೆ. ಸತ್ತ ನರವನ್ನು ಔಷಧ ಮರಳಿ ತಾರದು.

ಮದುವೆ ಮಾತುಕತೆ ನಡೆಯುತ್ತಿರುವ ಮನೆಯಲ್ಲಿ ಇಂಥ ಕಲೆ ಹೆಚ್ಚಾಗಿ ತೋಳಿನ ಬಟ್ಟೆಯ ಅಡಿಯಲ್ಲೇ ಉಳಿದುಬಿಡುತ್ತದೆ. ನಿಕಾಹ್ ಮುಗಿಯಲಿ, ಆಮೇಲೆ ನೋಡೋಣ ಎನ್ನುವ ಆ ತಿಂಗಳುಗಳಲ್ಲೇ ಕೈ ಕೈಬಿಡುತ್ತದೆ. ಕಾನೂನೂ ಈಗ ಬದಲಾಗಿದೆ. 1939ರ ಮುಸ್ಲಿಮ್ ವಿವಾಹ ವಿಸರ್ಜನಾ ಕಾಯ್ದೆಯಲ್ಲಿ ಕುಷ್ಠ ವಿಚ್ಛೇದನಕ್ಕೆ ಒಂದು ಕಾರಣವಾಗಿತ್ತು. ಈ ರೋಗ ಪೂರ್ತಿ ವಾಸಿಯಾಗುವುದರಿಂದ 2019ರಲ್ಲಿ ಸಂಸತ್ತು ಆ ಕಾರಣವನ್ನು ಅಲ್ಲಿಂದಲೂ, ಬೇರೆ ನಾಲ್ಕು ವೈಯಕ್ತಿಕ ಕಾಯ್ದೆಗಳಿಂದಲೂ ತೆಗೆದುಹಾಕಿತು. ಕಾನೂನು ಬಿಟ್ಟ ಭಯವನ್ನು ನಾವೂ ಬಿಡೋಣ.

ಎಲ್ಲಿಗೆ, ಹೇಗೆ ಹೋಗಬೇಕು?

ಮೊದಲು ಹತ್ತಿರದ ನಮ್ಮ ಕ್ಲಿನಿಕ್ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತೋರಿಸಿ. ತಜ್ಞರು ಬೇಕೆಂದರೆ ಶಿವಾಜಿನಗರದ ಬೌರಿಂಗ್ ಸರ್ಕಾರಿ ಆಸ್ಪತ್ರೆ ಇದೆ. ಆರ್.ಟಿ. ನಗರದ ಕಡೆಯವರಿಗೆ ಕಾಡುಗೊಂಡನಹಳ್ಳಿಯ ಡಾ. ಬಿ.ಆರ್. ಅಂಬೇಡ್ಕರ್ ವೈದ್ಯಕೀಯ ಕಾಲೇಜು, ಯಶವಂತಪುರ, ಹೆಬ್ಬಾಳದವರಿಗೆ ಎಂ.ಎಸ್. ರಾಮಯ್ಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಹತ್ತಿರ. ಚರ್ಮರೋಗ ವಿಭಾಗ ಯಾವ ದಿನ, ಯಾವ ವೇಳೆಗೆ ಎಂದು ಮೊದಲೇ ವಿಚಾರಿಸಿ ಹೋಗಿ. ಹಚ್ಚಿದ ಎಲ್ಲ ಟ್ಯೂಬ್, ನುಂಗಿದ ಮಾತ್ರೆಯ ಹಾಳೆ, ಕಲೆ ಹೆಚ್ಚಾಗಿದ್ದ ದಿನದ ಫೋಟೋ ಜೊತೆಗಿರಲಿ. ಮಹಿಳಾ ವೈದ್ಯರು ಬೇಕೆಂದು ಕೇಳಲು ಸಂಕೋಚ ಬೇಡ. ಅವರಿಲ್ಲದಿದ್ದರೆ ನರ್ಸ್ ಅಥವಾ ಮನೆಯವರು ಜೊತೆಗಿರಲಿ ಎನ್ನಿ. ಚಿಕಿತ್ಸೆಯ ಅಗತ್ಯಕ್ಕೆ ಬೇಕಾದಷ್ಟು ಭಾಗವನ್ನು ತೋರಿಸಲು ಶರೀಅತ್ ಅವಕಾಶ ಕೊಟ್ಟಿದೆ. ಗಾಯಕ್ಕೆ ನೀರು ತಾಗಬಾರದೆಂದು ವೈದ್ಯರು ಹೇಳಿದರೆ ಪಟ್ಟಿಯ ಮೇಲೆ ಒದ್ದೆ ಕೈ ಸವರುವ, ತಯಮ್ಮುಮ್ ಮಾಡುವ ರಿಯಾಯಿತಿಯೂ ಇದೆ. ವಿವರವನ್ನು ನಿಮ್ಮ ಮಸೀದಿಯ ಇಮಾಮರಲ್ಲಿ ಕೇಳಿ.

ಕೆಲವಕ್ಕೆ ಕಾಯಬಾರದು. ಹೊಸ ಮಾತ್ರೆ ಶುರುಮಾಡಿದ ಮೇಲೆ ಜ್ವರದ ಜೊತೆ ಬಾಯಿ, ಕಣ್ಣು ಹುಣ್ಣಾಗಿ ಚರ್ಮ ಸುಲಿಯುವುದು, ತುಟಿ, ನಾಲಿಗೆ ಊದಿ ಉಸಿರು ಕಟ್ಟುವುದು, ಸಕ್ಕರೆ ಕಾಯಿಲೆಯವರ ಕಾಲು ಕೆಂಪಾಗಿ ಊದುವುದು, ಹಸುಗೂಸಿನ ಮೈಯಲ್ಲಿ ನೀರುಗುಳ್ಳೆ ಏಳುವುದು, ಇವುಗಳಲ್ಲಿ ಯಾವುದು ಕಂಡರೂ ರಾತ್ರಿಯಾದರೂ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ಈಗ ಆ ಟ್ಯೂಬಿನ ಕಡೆ ಮತ್ತೊಮ್ಮೆ ನೋಡಿ. ವೈದ್ಯರು ಬರೆದುಕೊಟ್ಟದ್ದಾದರೆ ಅದರ ಮೇಲೆ ಯಾರದು, ಯಾವುದಕ್ಕೆ, ಎಷ್ಟು ದಿನ ಎಂದು ಬರೆದಿಡಿ. ಬರೆದುಕೊಟ್ಟದ್ದಲ್ಲವಾದರೆ ಇನ್ನು ಯಾರಿಗೂ ಹಚ್ಚಬೇಡಿ. ತಿಂಗಳುಗಟ್ಟಲೆ ಹಚ್ಚುತ್ತಿದ್ದವರು ಮಾತ್ರ ಥಟ್ಟನೆ ನಿಲ್ಲಿಸಿ ಸುಮ್ಮನಾಗಬೇಡಿ. ಮುಖಕ್ಕೆ ಹಚ್ಚುತ್ತಿದ್ದರೆ ನಿಲ್ಲಿಸಿದಾಗ ಉರಿ, ಕೆಂಪು ಜೋರಾಗಬಹುದು. ಟ್ಯೂಬನ್ನು ಕೈಯಲ್ಲಿ ಹಿಡಿದು ಈ ವಾರವೇ ವೈದ್ಯರ ಬಳಿ ಹೋಗಿ.